ದಾರದ ಗುರುತು

ನಮ್ಮ ಸಂಸ್ಥೆ ಅಂದರ
ರಾಣೆಬೆನ್ನೂರಿನ ಹಲಗೇರಿ ರಸ್ತ್ಯಾಗ
ಸೈಕಲ್ ಅಂಗಡಿ ಮ್ಯಾಲಿನ ಒಂದು ಖೋಲಿ,
ಮೂರು ಕುರ್ಚಿ, ನೂರಜಹಾನಕ್ಕನ ಹಳೇ ಸ್ಕೂಟಿ.
ನಾನು ಲೆಕ್ಕ ಬರ್ಯಾಂವ.

ಬೆಂಡಿ ಹೂ ಅರಳೂ ಹಿಂದಿನ ಸಂಜಿ
ಮೊಗ್ಗು ಸೀಳಿ, ಗಂಡು ಕೇಸರ ಉಗುರಿಲೆ ತಗದು,
ಮರುದಿನ ಬಿಸಲು ಏರೂದರೊಳಗ
ಬ್ಯಾರೆ ಹೂವಿನ ಪರಾಗ ಮುಟ್ಟಿಸಿ
ಕೆಂಪು ದಾರ ಕಟ್ಟಬೇಕು.
ದಾರ ಇದ್ದದ್ದು ಬೀಜ,
ಇಲ್ಲದ್ದು ಬರೇ ಕಾಯಿಪಲ್ಲೆ.
ಕ್ರಾಸಿಂಗ್ ಅಂತಾರ ಇದಕ್ಕ.

ಹುಲಿಗೆವ್ವಗ ದಾರ ಕಟ್ಟಿದಾಂವ ಮೇಸ್ತ್ರಿ.
ಹದಿನೆಂಟು ಸಾವಿರ ಮುಂಗಡ,
ಆಧಾರ ಕಾರ್ಡು ಅವನ ಟ್ರಂಕಿನ್ಯಾಗ.
ಮೂರು ಹಂಗಾಮು ದುಡದ ಮ್ಯಾಲೆ
ಹದಿನೆಂಟು ಇಪ್ಪತ್ತೆರಡಾತು.

ನೂರಜಹಾನಕ್ಕ ಮೊದಲ ಸಲ ಹೋದಾಗ
ಏನೂ ಕೇಳಲಿಲ್ಲ.
ಸಾಲಿನ್ಯಾಗ ಕುಂತು ತಾನೂ ಹತ್ತು ಹೂವಿಗೆ ದಾರ ಕಟ್ಟಿದಳು.
ಒಂಬತ್ತು ಉದುರಿದವು. ಹುಲಿಗೆವ್ವ ನಕ್ಕಳು.
ಆ ನಗೀನ ನಮ್ಮ ಫೈಲಿನ ಮೊದಲ ಹಾಳಿ.

ಎರಡನೇದು, ಚೀಲದ ಮ್ಯಾಲಿನ ಲಾಟ್ ನಂಬರು.
ಅದನ್ನ ಹಿಡಕೊಂಡು ಹೊಂಟಿವಿ,
ಮೇಸ್ತ್ರಿಯಿಂದ ಏಜೆಂಟ, ಏಜೆಂಟನಿಂದ ಗೋದಾಮು,
ಗೋದಾಮಿನಿಂದ ಬೆಳ್ಳಿಬಣ್ಣದ ಪಾಕೀಟು,
ಪಾಕೀಟಿನ ಮ್ಯಾಲೆ ನಗೂ ರೈತ,
ಶುದ್ಧತೆ: ಶೇಕಡಾ ತೊಂಬತ್ತೆಂಟು.
ಉಳದ ಎರಡರಾಗ ಹುಲಿಗೆವ್ವ ಇದ್ದಾಳೇನು
ಅಂತ ಕಂಪನಿಗೆ ಬರದಿದ್ದೆ.
ಅಕ್ಕ ಆ ಸಾಲು ಹೊಡದು ಹಾಕಿದಳು:
"ಕವಿತಾ ಬ್ಯಾಡೋ ತಮ್ಮಾ, ತಾರೀಖು ಬರಿ."

ಉತ್ತರ ಜಲ್ದಿ ಬಂತು, ಇಸ್ತ್ರಿ ಮಾಡಿದಂಥ ಇಂಗ್ಲಿಷಿನ್ಯಾಗ:
ಆ ಹೊಲದ ಖರೀದಿ ನಿಲ್ಲಿಸೀವಿ.
ನಾನು ಪೇಢೆ ತರಾಕ ಎದ್ದೆ.
ಅಕ್ಕ ಟೇಬಲ್ ಬಡದಳು.
"ಕೈ ತೊಳಕೊಂಡ್ರು, ತಿಳೀತಿಲ್ಲೇನು?
ನಾಳೆ ಅದ ಮೇಸ್ತ್ರಿ, ಅದ ಟ್ರಂಕು, ಬ್ಯಾರೆ ಹಳ್ಳಿ."
ಮತ್ತೊಂದು ಪತ್ರ ಬರದಿವಿ:
ಓಡಬ್ಯಾಡ್ರಿ. ಕೊಳ್ರಿ.
ಬಾಕಿ ಕೂಲಿ ಆಕಿ ಕೈಯಾಗ ಇಡ್ರಿ.
ಐದು ತಿಂಗಳಾತು. ಅಂಚೆಯವ ನಮ್ಮ ಮೆಟ್ಟಲು ಮರತಾನ.

ಎ.ಸಿ. ಕಚೇರಿಗೆ ಹನ್ನೊಂದು ಸಲ ತಿರುಗಿದ ಮ್ಯಾಲೆ
ಬಿಡುಗಡೆ ಪತ್ರ ಸಿಕ್ತು,
ದುಂಡನ್ನ ಸಿಕ್ಕಾ, ಹೆಸರು ಮಾತ್ರ ತಪ್ಪು: ಹುಲಿಗಮ್ಮ.
"ಇರಲಿ ಬಿಡ್ರಿ, ಆಕೀನೂ ಬಿಡುಗಡಿ ಆಗಲಿ," ಅಂದಳು.
ಆಧಾರ ಕಾರ್ಡು ಕೈಗೆ ಬಂದಾಗ
ತನ್ನ ಫೋಟೋ ತಾನ
ಭಾಳ ಹೊತ್ತು ನೋಡಿದಳು.

ಈ ಹಂಗಾಮಿನ್ಯಾಗೂ ಆಕಿ ಹೂವಿಗೆ ದಾರ ಕಟ್ಟತಾಳ,
ಬ್ಯಾರೆ ಹೊಲ, ವಾರದ ಕೂಲಿ.
ಅಕ್ಷರ ಬರೂದಿಲ್ಲ. ಸೊಂಟದಾಗೊಂದು ಕೆಂಪು ದಾರ,
ದುಡದ ದಿನಕ್ಕೊಂದು ಗಂಟು.
ಶನಿವಾರ ನನ್ನ ವಹಿ ಕೂಡದಿದ್ದರ
ಆ ದಾರ ಇಸಕೊಂಡು
ಬೆರಳಿಲೆ ಎಣಿಸತೀನಿ.