ಹರಿದ ಹಾಳೆಯ ಲೆಕ್ಕ

ಗ್ಬೋಕೊ ಪಟ್ಟಣದ ಲೈಬ್ರರಿಯಲ್ಲಿ
ಆ ಕಾದಂಬರಿಯದು ಒಂದೇ ಪ್ರತಿ.
ಬೆನ್ನು ಮುರಿದ ಪುಸ್ತಕಗಳಿಗೆ ಮೂಳೆ ಕಟ್ಟುವವನು ನಾನು,
ಇಯೋರ್ಹೆಂಬ. ಯಾರು ಎಲ್ಲಿ ತಡೆದು ನಿಂತರು
ಎಲ್ಲಿ ಮುಖ ಸಿಂಡರಿಸಿದರು
ಹಾಳೆಯೇ ನನಗೆ ಚಾಡಿ ಹೇಳುತ್ತದೆ:
ನಲವತ್ತನೇ ಪುಟದಲ್ಲಿ ತಾಳೆಯೆಣ್ಣೆಯ ಹೆಬ್ಬೆಟ್ಟು,
ಅರವತ್ತೆರಡರಲ್ಲಿ ಚಪ್ಪಟೆಯಾದ ಇರುವೆ.

ಕತೆ ಇಷ್ಟೇ. ತಂಗಿಯನ್ನು ಆ ಮನೆಗೆ ಕೊಟ್ಟು
ಅಲ್ಲಿಯ ಹೆಣ್ಣನ್ನು ಅಣ್ಣನಿಗೆ ತರುವ ಹಳೆಯ ಸಾಟಿ.
ಬಿಳಿಯ ಅಧಿಕಾರಿ ಬಂದ, ಮೇಜಿನ ಮೇಲೆ ಟೋಪಿಯಿಟ್ಟ,
ನಾಳೆಯಿಂದ ಇದು ಇಲ್ಲ ಅಂದ.
ನಾಳೆ ಬಂತು.
ಕೊಟ್ಟು ಇನ್ನೂ ತಂದಿರದ ಮನೆಗಳಲ್ಲಿ
ಒಲೆಯ ಮುಂದೆ ಒಂದು ಜಾಗ ಹಾಗೇ ಉಳಿಯಿತು.

ಮೇಷ್ಟ್ರು ಟಾರ್ಕೆಂಡೆ ಕೆಂಪು ಪೆನ್ಸಿಲಿನಲ್ಲಿ ಗೀಚಿದರು:
'ಈ ಗಾದೆ ನಮ್ಮದಲ್ಲ. ಪರದೇಶದವರ ಅಳತೆಗೆ ಹೊಲಿಸಿದ ಅಂಗಿ.'
ಅದರ ಕೆಳಗೆ ಯಾರದೋ ಹಸಿರು ಶಾಯಿ:
'ನಮ್ಮಜ್ಜ ದಿನಾ ಹೇಳುತ್ತಿದ್ದ. ನಿಮಗೆ ಅಜ್ಜ ಇರಲಿಲ್ಲವೇ ಸಾರ್?'

ಪಾದ್ರಿ ಓರ್ಟೆಸೆ ಪುಸ್ತಕ ಮರಳಿಸಿದ್ದು
ಒಣಮೀನಿನ ಹಾಗೆ ಹಳೇ ಪತ್ರಿಕೆಯಲ್ಲಿ ಸುತ್ತಿ.
'ಮಿಷನ್ ಆಸ್ಪತ್ರೆಗೆ ಒಂದು ಸಾಲೂ ಇಲ್ಲವಲ್ಲ,
ನಾನು ಕಣ್ಣು ಬಿಟ್ಟದ್ದೇ ಅಲ್ಲಿ.'
ಎರಡು ವಾರ ಬಿಟ್ಟು ಬಂದು, ಆಚೀಚೆ ನೋಡಿ,
ಅದನ್ನೇ ಮತ್ತೆ ಕೇಳಿ ಒಯ್ದರು.

ನರ್ಸಿಂಗ್ ಓದುವ ವಾಂಟೋರ್ ಅಂದಳು:
'ಊರು ಮುರಿಯಿತೆಂದು ಪುಟಪುಟದಲ್ಲೂ ಅಳು.
ತಂಗಿಯನ್ನು ಯಾರು ಕೇಳಿದರು?
ಅಣ್ಣ ಬಿಡು, ಆ ಬಿಳಿಯ ಬಿಡು,
ಬರೆದವನಾದರೂ ಒಂದು ಮಾತು ಕೇಳಬಹುದಿತ್ತು.'

ದುಭಾಷಿಯ ಮೊಮ್ಮಗ ಶಾಪೆರಾ ಮನೆಗೆ ಒಯ್ಯಲೇ ಇಲ್ಲ.
ದುಭಾಷಿ ಬರುವ ಪುಟಗಳನ್ನಷ್ಟೇ
ಕೌಂಟರಿಗೆ ಒರಗಿ, ನಿಂತೇ ಓದಿದ.
'ಲಂಚ ತಿಂದನಂತೆ. ತಿಂದಿರಬಹುದು.
ಅವನ ಅಂಗಾಲಿನ ಹುಣ್ಣು, ಇಪ್ಪತ್ತು ವರ್ಷ ಸಾಹೇಬನ ಕುದುರೆಯ ಹಿಂದೆ ನಡೆದದ್ದು,
ಅದು ಯಾವ ಪುಟದಲ್ಲಿದೆ, ತೆಗೆದುಕೊಡು.'
ಹುಡುಕಿದೆ. ಇರಲಿಲ್ಲ.

ಮರಳುಗಾಳಿ ಬೀಸುವ ತಿಂಗಳು
ನೂರ ನಲವತ್ತಮೂರನೇ ಪುಟವೇ ಮಾಯ.
ಮೊದಲು ನನ್ನ ಮನಸ್ಸು ಓಡಿದ್ದು ಶಾಪೆರಾನ ಕಡೆ;
ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.
ಸಿಕ್ಕಿದ್ದು ಸಂತೆಯಲ್ಲಿ, ಹೆಗ್ಗೆಣಸು ಮಾರುವ
ಕ್ಪಾಡೂ ಮುದುಕಿಯ ಸೊಂಟದ ಗಂಟಿನಲ್ಲಿ,
ಚಿಲ್ಲರೆಯ ಜೊತೆ ನಾಲ್ಕು ಮಡಿಕೆಯಾಗಿ.
ಅಕ್ಷರ ಬಾರದವಳು. ಸಂಜೆ ಮೊಮ್ಮಗ ಓದಿ ಹೇಳುತ್ತಿದ್ದನಂತೆ.

'ಹರಿದದ್ದು ನಾನೇ' ಅಂದಳು, ಗೆಡ್ಡೆಗಳ ಗುಡ್ಡೆ ಒಟ್ಟುತ್ತಲೇ.
'ತಂಗಿ ಹೊಳೆ ದಾಟುವಾಗ ತಿರುಗಿ ನೋಡಿದಳು, ಬಿಕ್ಕಿದಳು
ಎಂದು ಬರೆದಿದ್ದಾನೆ. ಸುಳ್ಳು.
ದಾಟಿದವಳು ನನ್ನವ್ವನ ಅವ್ವ.
ಹೊಳೆ ಮುಗಿಯುವವರೆಗೂ ದೋಣಿಯವನ ಹತ್ತಿರ
ಉಪ್ಪಿನ ಬೆಲೆಗೆ ಜಗಳ ಆಡುತ್ತಿದ್ದಳು.'

'ಅದು ಕತೆ ಅಜ್ಜಿ, ಬೇರೆ ಯಾರದೋ ತಂಗಿ.'

'ಬೇರೆ ಯಾರದು?' ಅಂದಳು.
ನನ್ನಲ್ಲಿ ಹೆಸರಿರಲಿಲ್ಲ. ಪುಸ್ತಕದಲ್ಲೂ
ಅವಳು ಮೊದಲಿಂದ ಕೊನೆಯವರೆಗೆ ಬರೀ ತಂಗಿ.

ಹಾಳೆ ಕೊಡಲಿಲ್ಲ. ದಂಡಕ್ಕೆಂದು
ತೋಳಿನಷ್ಟು ದಪ್ಪನೆಯ ಗೆಣಸು ಕೊಟ್ಟಳು.
ಅರ್ಧ ಸುಟ್ಟು ತಿಂದೆ. ಉಳಿದರ್ಧ ಅರೆದು, ಗಂಜಿ ಕಾಯಿಸಿ,
ಆ ಅಂಟಿನಿಂದಲೇ ಅಲ್ಲಿ ಒಂದು ಖಾಲಿ ಹಾಳೆ ಕೂರಿಸಿದೆ.

ಹೋದ ವಾರ ಪುಸ್ತಕ ವಾಪಸು ಬಂತು.
ಖಾಲಿ ಹಾಳೆಯ ಮೂಲೆಯಲ್ಲಿ ಹಸಿರು ಶಾಯಿ:
'ಆಗ ಉಪ್ಪಿಗೆ ಎಷ್ಟಿತ್ತು?'
ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಅಂಕಿ,
ಅದನ್ನು ಹೊಡೆದು ಇನ್ನೊಂದು.