ಎಂಟು ಮಾರು

ತಿಸರೆ ಹೆಕ್ಕಿ ಬರುವಷ್ಟರಲ್ಲಿ
ಬಾಗಿಲ ಪಕ್ಕದ ಗೋಡೆಗೆ ಕೆಂಪು ಬಣ್ಣದಲ್ಲಿ
ಒಂದು ಅಂಕಿ ಬರೆದು ಹೋಗಿದ್ದರು.
ಬಣ್ಣ ಇನ್ನೂ ಹಸಿ. ಒಂದೆಳೆ ಇಳಿದು
ಮಗಳ ಶಾಲೆಯ ಬೂಟಿನ ಮೇಲೆ ನಿಂತಿತ್ತು.

ನೂರಾ ಹದಿನೇಳು.
ಮನೆಗೊಂದು ನಂಬರು ಕೊಡಿ ಎಂದು
ಒಂಬತ್ತು ವರ್ಷ ನಗರಸಭೆಯ ಮೆಟ್ಟಿಲು ಹತ್ತಿದ್ದೆ.
ಅಂತೂ ಕೊಟ್ಟರು.

ಕೋಡಿಬಾಗದ ನಮ್ಮ ಸಾಲಿನಲ್ಲಿ
ಹದಿನಾರು ಮನೆ, ಒಂದು ಬೇಕರಿ, ಟೈಲರ್ ಅಂಗಡಿ.
ರಸ್ತೆಯ ನಡುವಿನಿಂದ ಆಚೆ ಹದಿನೈದು ಮೀಟರ್,
ಈಚೆ ಹದಿನೈದು, ಎಂದಿತ್ತು ನೋಟೀಸು.
ವಾಮನ ಶಿರೋಡಕರ ಕೊರಳಿನ ಟೇಪು ತೆಗೆದು
ಹೆದ್ದಾರಿಯ ಸೊಂಟ ಅಳೆಯಲು ಹೊರಟಾಗ
ಎಲ್ಲರೂ ನಕ್ಕರು. ಎರಡು ದಿನದಿಂದ
ಯಾರೂ ನಕ್ಕಿರಲಿಲ್ಲ.

ಸುಕ್ರು ತಾಂಡೇಲ ಮಾತಾಡದೆ ಒಳಗೆ ಹೋಗಿ
ರಂಪಣಿಯ ಹಗ್ಗ ತಂದ.
ಅಟ್ಟದಲ್ಲಿ ಇಷ್ಟು ವರ್ಷ ಮಲಗಿದ್ದರೂ
ಉಪ್ಪಿನ ವಾಸನೆ ಬಿಟ್ಟಿರಲಿಲ್ಲ ಅದು.
ತೋಳು ಚಾಚಿದ, ಮಡಚಿದ, ಚಾಚಿದ.
ಎಂಟು ಮಾರು, ಮೇಲೊಂದು ಮೊಳ.
ಗಂಟು ಹಾಕಿದ.

ರಾತ್ರಿ ಎರಡಕ್ಕೆ, ಗೋವಾ ಲಾರಿಗಳ ನಡುವೆ
ಬಿಡುವು ಸಿಕ್ಕಾಗಲೆಲ್ಲ ಓಡಿ
ಬಿಳಿ ಗೆರೆಯ ಮೇಲೆ ಹಗ್ಗದ ತುದಿ ಒತ್ತಿ ಹಿಡಿದೆವು.
ನಮ್ಮಲ್ಲಿ ಗಂಟು ಹೊಸ್ತಿಲ ತನಕವೂ ಬರಲಿಲ್ಲ.
ಕೆಂಪು ಗೆರೆಯೋ, ಅಡುಗೆ ಒಲೆಯ ಹಿಂದೆ.
ಇನಾಸನ ಬೇಕರಿಯಲ್ಲಿ ಭಟ್ಟಿಯ ಬಾಯಿಗೆ ಬಂದಿತ್ತು ಗೆರೆ,
ಪಾವಿನ ಹಿಟ್ಟು ಕಲಸುತ್ತಿದ್ದವ ಕೈ ಒರೆಸದೆ ನೋಡಿದ.
ಎದುರು ಸಾಲಿನ ಹೊಸ ಲಾಡ್ಜಿನಲ್ಲಿ
ಗಂಟು ಗೇಟು ದಾಟಿ, ಕಾರಂಜಿ ದಾಟಿ,
ರಿಸೆಪ್ಶನ್ ಮೇಜಿನ ಹತ್ತಿರ ನಿಂತಿತು.
ಅಲ್ಲಿ ಎಲ್ಲೂ ಕೆಂಪಿಲ್ಲ.
ಕಾವಲಿನ ಹುಡುಗ ಕೇಳಿದ, ಏನು ಹುಡುಕ್ತಾ ಇದ್ದೀರಿ?
ರಸ್ತೆಯ ನಡು, ಎಂದೆ. ಕಳೆದುಹೋಗಿದೆ.

ಬೆಳಿಗ್ಗೆ ಅರ್ಜಿ ಬರೆದಾಯಿತು.
ಅಗಲೀಕರಣವೇ ಬೇಡ, ಎಂದು ಕೊನೆಯ ಸಾಲು.
ಪೆನ್ನು ನನ್ನ ತನಕ ಬಂತು.

ದೇವಿದಾಸ ನನ್ನ ತಮ್ಮ.
ಕಾಳಿ ಸೇತುವೆಯ ಹತ್ತಿರ ಗ್ಯಾಸ್ ಟ್ಯಾಂಕರಿನ ಹಿಂದೆ
ನಲವತ್ತು ನಿಮಿಷ ಆಂಬುಲೆನ್ಸಿನ ಸದ್ದಾಗಿದ್ದ,
ಆಮೇಲೆ ಡ್ರೈವರ್ ತಾನೇ ಸದ್ದು ನಿಲ್ಲಿಸಿದ.
ಅಂದು ಇದೇ ಕಟ್ಟೆಯ ಮೇಲೆ ಕೂತು ಎದೆ ಬಡಿದುಕೊಂಡಿದ್ದೆ,
ಈ ಹಾಳು ರಸ್ತೆ ಬಾಯಿ ತೆರೆಯಬಾರದಾ ಎಂದು.
ಈ ಹದಿನಾರು ಮನೆಯೂ ಕೇಳಿತ್ತು.
ಈಗ ಒಬ್ಬರೂ ನನ್ನ ಮುಖ ನೋಡಲಿಲ್ಲ.

ಅಗಲ ಮಾಡಲಿ, ಎಂದೆ.
ನಡುವನ್ನು ನಡುವಿನಲ್ಲಿಟ್ಟು ಮಾಡಲಿ, ಹಾಗೆ ಬರೆಯಿರಿ.
ಅರ್ಧ ಒಪ್ಪಿದರೆ ಪೂರ್ತಿ ಒಪ್ಪಿದರು ಅಂತ
ಓದ್ತಾರೆ ಅವರು, ಎಂದ ಇನಾಸ, ಸಿಟ್ಟಿನಲ್ಲಿ.
ನಡುವಿನಲ್ಲಿಟ್ಟರೂ ನನ್ನ ಅಂಗಡಿ ಹೋಗ್ತದೆ,
ಎಂದ ವಾಮನಣ್ಣ, ಮೆಲ್ಲಗೆ.
ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.
ಆ ಸಾಲನ್ನು ಅವನೇ ಹೊಡೆದು ಹಾಕಿದ.
ಹೊಸ ಸಾಲು ಬರೆದವನೂ ಅವನೇ,
ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದ ಹಾಗೆ, ನೆಟ್ಟಗೆ.

ವಿಚಾರಣೆಯ ದಿನ ಸಾಹೇಬರು ನಕ್ಷೆ ಬಿಡಿಸಿದರು.
ಘಟ್ಟದ ಮೇಲಿಂದ ಬಂದ ಎಳೆ ಹುಡುಗ, ಒಳ್ಳೆಯವನ ಹಾಗಿದ್ದ,
ನಮಗೆಲ್ಲ ಕುರ್ಚಿ ತರಿಸಿದ.
ಯಂತ್ರ ಇಟ್ಟು ಅಳೆದಿದ್ದೇವೆ, ನೀವು?
ಎಂಟು ಮಾರು, ಎಂದ ಸುಕ್ರು.
ಏನನ್ನು ಮಾರುವುದು? ಎಂದು ಕೇಳಿದರು ಸಾಹೇಬರು,
ಪರಿಹಾರದ ಫೈಲಿನತ್ತ ಕೈ ಚಾಚುತ್ತ.

ಸುಕ್ರು ಎದ್ದು ನಿಂತು ಎರಡೂ ತೋಳು ಬಿಡಿಸಿದ.
ಒಂದು ಬೆರಳು ಗೋದ್ರೇಜ್ ಕಪಾಟಿಗೆ ತಾಗಿತು,
ಇನ್ನೊಂದು ಕಿಟಕಿಯ ಸರಳಿಗೆ.
ಇದನ್ನು ಹೇಗೆ ಬರೆದುಕೊಳ್ಳಲಿ ಸರ್, ಎಂದ ಗುಮಾಸ್ತ.
ಸುಕ್ರು ಕೈ ಇಳಿಸಲಿಲ್ಲ.