ಕಳೆಯದ ಕಿಟಕಿ

ಮೊದಲು ಬೀರು ಜರುಗಬೇಕು.
ಪ್ಯಾರ್ನುವಿನ ಈ ಮೂರನೇ ಮಹಡಿಗೆ
ಯಾರು ಹೊತ್ತು ತಂದರೋ, ಇಟ್ಟಲ್ಲೇ ಬೇರು ಬಿಟ್ಟಿದೆ.
ಕಾಲಡಿಗೆ ಹಳೆಯ ಉಣ್ಣೆ ಕಾಲುಚೀಲ ತುರುಕಿ
ತೀತ್ ಆ ಬದಿ, ನಾನು ಈ ಬದಿ.
ಮೂರು ಅನ್ನುವಾಗ ದೂಡುವುದೋ, ಮೂರಾದ ಮೇಲೋ?
ಐವತ್ತು ದಾಟಿದ ಅಕ್ಕ ತಮ್ಮ
ಇನ್ನೂ ಇದೇ ಜಗಳ.

ಅಮ್ಮ ಅಡುಗೆಮನೆಯಿಂದಲೇ ಅಂದಳು:
ಯಾವ ಬಣ್ಣವಾದರೂ ಸರಿ, ಉರ್ವೆ,
ಹಸಿರೊಂದು ಬೇಡ.

ಹಸಿರೆಂದರೆ ಎಲೆಯದಲ್ಲ, ಕಡಲಿನದಲ್ಲ,
ಒಲೆಯ ಮೇಲೆ ಮರೆತ ಬಟಾಣಿಯದು.
ಈ ಕೋಣೆ ಆ ಹಸಿರು. ಸ್ಟೂಲು ಆ ಹಸಿರು.
ಪುಸ್ತಕದ ಹಲಗೆ, ಅಂಚೆ ಡಬ್ಬ, ಹಕ್ಕಿಗೂಡು,
ಹಿಮದಲ್ಲಿ ನಾನು ಜಾರುತ್ತಿದ್ದ ಮರದ ಬಂಡಿ,
ತೀತನ ಸೈಕಲ್ಲಿನ ಮಡ್‌ಗಾರ್ಡು
(ಶಾಲೆ ಮುಗಿಯುವವರೆಗೂ ಅವನ ಹೆಸರು ಬಟಾಣಿ).
ಮುಗಿಯುತ್ತಲೇ ಇರಲಿಲ್ಲ ಅಪ್ಪನ ಡಬ್ಬ.
ಬೇಸಿಗೆ ಬಂದು, ಸ್ಕ್ರೂಡ್ರೈವರು ಮುಚ್ಚಳ ಮೀಟುವ ಸದ್ದಾದರೆ
ನಾವು ಆಟಿಕೆಗಳನ್ನು ಬಚ್ಚಿಡುತ್ತಿದ್ದೆವು.

ಬೀರು ನರಳಿತು, ಒಂದು ಗೇಣು, ಇನ್ನೊಂದು ಗೇಣು.
ಹಿಂದೆ ಬಣ್ಣವೇ ಇಲ್ಲ.
ಅಪ್ಪ ಬೀರುವನ್ನು ಬಳಸಿಕೊಂಡು ಬಳಿದಿದ್ದ,
ಮಲಗಿದ ನಾಯಿಯನ್ನು ಬಿಟ್ಟು ನೆಲ ಒರೆಸುವವರ ಹಾಗೆ.
ಬೋಳು ಗಾರೆಯ ಮೇಲೆ ಅವನ ಕೈಬರಹ:
ಹದಿನಾಲ್ಕು ಗುಣಿಸು ಎರಡೂವರೆ, ಮೂವತ್ತೈದು.
ಎರಡು ಕೈಗೆ ಎಪ್ಪತ್ತು. ಕೆಳಗೆ ಜೋಡಿ ಗೆರೆ.

ತೀತ್ ಬೆರಳಿಟ್ಟು ಓದಿದ. ಮತ್ತೆ ಓದಿದ.
ಕಿಟಕಿ ಕಳೆದಿಲ್ಲ ಇವನು!
ಬಾಗಿಲು ಕಳೆದಿಲ್ಲ, ಬೀರೂ ಕಳೆದಿಲ್ಲ!
ಬಂದರಿನಲ್ಲಿ ನಲವತ್ತು ವರ್ಷ
ಹಡಗಿಗೆ ಹೋಗುವ ಮರದ ದಿಮ್ಮಿ ಎಣಿಸಿದವನು,
ಒಂದು ತುಂಡು ಹೆಚ್ಚು ಕಡಿಮೆಯಾದರೆ ರಾತ್ರಿ ನಿದ್ದೆ ಬಾರದವನು.

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು, ನೋಡಿದಳು.
ಆಗ ಕಿಟಕಿಯೆಲ್ಲಿತ್ತು? ಹಲಗೆ ಹೊಡೆದಿದ್ದರು.
ದೀಪ ಹಚ್ಚಿಕೊಂಡು ಅಳೆದ.
ಗಾಜು ಬಂದದ್ದು ಮಾರ್ಚಿಯಲ್ಲಿ,
ಅಷ್ಟರಲ್ಲಿ ಡಬ್ಬ ಮನೆಗೆ ಬಂದಾಗಿತ್ತು.
ಬಾಗಿಲು? ಬಾಗಿಲು ಮರೆತಿರಬೇಕು, ಎಂದು
ಬೆಂದ ಆಲೂಗಡ್ಡೆಯತ್ತ ತಿರುಗಿ ಹೋದಳು.

ನಾನು ನಿಂತೇ ಇದ್ದೆ.
ಹಾಗಾದರೆ ನಾನು ಕೂತು ಜಾರಿದ್ದು ಬಂಡಿಯ ಮೇಲಲ್ಲ,
ಗೋಡೆಯಾಗಬೇಕಿದ್ದು ಆಗದೆ
ಬೆಳಕು ನುಗ್ಗಿದ ಜಾಗದ ಮೇಲೆ.
ಆ ಕಿಟಕಿಯಷ್ಟೇ ಹಸಿರು
ತಟ್ಟೆ ತಟ್ಟೆಯಾಗಿ ಮನೆಯೆಲ್ಲ ಹಂಚಿಹೋಗಿತ್ತು;
ಹಕ್ಕಿಗೂ ಒಂದು ಪಾಲು.

ಫೋಟೋ ಹಿಡಿಯೋಣವೆಂದು ಫೋನು ತರಲು ಹೋದೆ.
ಬರುವಷ್ಟರಲ್ಲಿ ತೀತ್ ರೋಲರು ಎಳೆದು ಮುಗಿಸಿದ್ದ.
ಅದು ಸುಮ್ಮನೆ ಬಿಳಿಯಲ್ಲ, ಅಂಗಡಿಯ ಪಟ್ಟಿಯಲ್ಲಿ
ಅದರ ಹೆಸರು 'ಮುಂಜಾವಿನ ಓಟ್ಸ್'.
ಬೈಯಲು ಬಾಯಿ ತೆರೆದೆ.
ಒದ್ದೆ ಬಣ್ಣದೊಳಗಿಂದ
ಒಂದೊಂದೇ ಅಂಕಿ ನೇರಳೆಯಾಗಿ ಮೇಲೆದ್ದಿತು,
ಹದಿನಾಲ್ಕು, ಎರಡೂವರೆ, ಮೂವತ್ತೈದು.

ಬಂದರಿನ ಪೆನ್ಸಿಲ್ಲು!
ಮಳೆಗೂ ಮಂಜಿಗೂ ಅಳಿಯಬಾರದೆಂದು
ದಿಮ್ಮಿಯ ಮೇಲೆ ಗುರುತು ಹಾಕುತ್ತಿದ್ದದ್ದು,
ನೀರು ಸೋಕಿದರೆ ಮೈ ತಿಳಿದೇಳುವುದು.
ಎರಡನೇ ಕೈ. ಮತ್ತೆ ಬಂತು.
ಮೂರನೇ ಕೈಗೆ ಮಸುಕಾಯಿತು, ಹೋಗಲಿಲ್ಲ.
ತೀತ್ ಸುಮ್ಮನೆ ಮೆಟ್ಟಿಲ ಮೇಲೆ ಹೋಗಿ ಕೂತ.
ಕಾಲುಚೀಲ ತುರುಕಿ, ಈ ಸಲ ಮೂರು ಎಣಿಸದೆ,
ಬೀರುವನ್ನು ಹಿಂದಕ್ಕೆ ದೂಡಿದೆವು.

ಟೇಪು ಕಿತ್ತಾಗ ಅಂಚಿನ ಬಣ್ಣವೂ ಕಿತ್ತು ಬಂತು.
ಮೊಣಕೈಗೆ ಓಟ್ಸ್, ಹುಬ್ಬಿಗೆ ಓಟ್ಸ್.
ನಾನಂತೂ ಸರಿಯಾಗಿ ಕಳೆದೇ ತಂದಿದ್ದೆ,
ಕಿಟಕಿ, ಬಾಗಿಲು, ಬೀರು, ಸ್ವಿಚ್ಚಿನ ಹಲಗೆ ಸಹ.
ಆದರೂ ಡಬ್ಬದಲ್ಲಿ ಅರ್ಧ ಉಳಿದಿದೆ.

ಅಮ್ಮ ಬಗ್ಗಿ ಅದರೊಳಗೆ ನೋಡಿದಳು.
ಆ ಸ್ಟೂಲು ತಾ ಇಲ್ಲಿ, ಅಂದಳು.